ಅಮ್ಮನ ಬೇಸಿಗೆ ಚಟುವಟಿಕೆ

ಏಪ್ರಿಲ್ 10

ಕಾಲು ಮುರಿದುಕೊಂಡಿದ್ದೇನೆ. ಬಲಗಾಲು, ಪಾದದ ಗಂಟಿಗಿಂತ ಸ್ವಲ್ಪ ಮೇಲೆ. ಆರು ವಾರ ಪ್ಲಾಸ್ಟರ್ ಅಂತೆ. ಹದಿನಾರು ವರ್ಷದಿಂದ ಮಕ್ಕಳಿಗೆ ಓಡುವುದು, ನೆಗೆಯುವುದು, ಪೆಟ್ಟಾಗದಂತೆ ಬೀಳುವುದು ಎಲ್ಲ ಹೇಳಿಕೊಟ್ಟ ಪಿ.ಟಿ. ಟೀಚರ್ ನಾನು. ನನ್ನ ವಿಸಿಲ್ ಕೇಳಿದರೆ ಬೀದಿನಾಯಿಯೂ ಸಾಲಿನಲ್ಲಿ ನಿಲ್ಲುತ್ತದೆ ಎಂದು ಶಾಲೆಯ ಹುಡುಗರು ಆಡಿಕೊಳ್ಳುತ್ತಾರೆ. ಅಂಥವಳು ಈಗ ಮೂರು ದಿಂಬಿನ ಮೇಲೆ ಕಾಲಿಟ್ಟುಕೊಂಡು ಫ್ಯಾನು ನೋಡುತ್ತ ಬಿದ್ದಿದ್ದೇನೆ.

ನಿಜವಾಗಿ ನಡೆದದ್ದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಈ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ. ನಿನ್ನೆ ರಜೆಯ ಮೊದಲ ದಿನ. ಬೆಳಿಗ್ಗೆ ಆರಕ್ಕೆ ಎದ್ದೆ. ಇವರೂ ಮಕ್ಕಳೂ ಇನ್ನೂ ಮಲಗಿದ್ದರು. ಬಾಗಿಲ ಹಿಂದಿನ ಗೂಟದಲ್ಲಿ ದೊಡ್ಡವಳ ಸ್ಕಿಪ್ಪಿಂಗ್ ಹಗ್ಗ ನೇತಾಡುತ್ತಿತ್ತು. ಆಡಿದ ಮೇಲೆ ಅವಳು ಅದನ್ನು ಅಲ್ಲೇ ಹಾಕುತ್ತಾಳೆ. ತೆಗೆದುಕೊಂಡು ಹೊರಗೆ ಹೋದೆ. ನಿಲ್ಲಿಸದೆ ನೂರು ಆಗುತ್ತದೋ ನೋಡೋಣ ಎನ್ನಿಸಿತು. ಕಾಲೇಜಿನಲ್ಲಿ ಮುನ್ನೂರು ಹೊಡೆದವಳಲ್ಲವೇ! ಕಾಲಿಗೆ ಶೂ ಇಲ್ಲ, ಮೈ ಸಡಿಲ ಮಾಡಿಕೊಂಡಿಲ್ಲ, ಅದೂ ಮೆಟ್ಟಿಲ ಅಂಚಿನಲ್ಲಿ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮೈದಾನದ ಸುತ್ತ ಐದು ಸುತ್ತು ಓಡಿಸುತ್ತಿದ್ದೆ. ಎಪ್ಪತ್ತಮೂರಕ್ಕೆ ಹಗ್ಗ ಹೆಬ್ಬೆರಳಿಗೆ ಸಿಕ್ಕಿತು. ಮೂರು ಮೆಟ್ಟಿಲನ್ನು ಒಟ್ಟಿಗೇ ಇಳಿದೆ.

ಸದ್ದು ಕೇಳಿ ಮೇಲ್ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದರು. "ಅಯ್ಯಯ್ಯೋ ಟೀಚರಮ್ಮ, ಏನಾಯ್ತ್ರೀ?" ಎಂದರು. ನನ್ನ ಬಾಯಿ ನನಗಿಂತ ಮುಂಚೆ ಉತ್ತರ ಕೊಟ್ಟುಬಿಟ್ಟಿತು: "ಮಗಳು ಹಗ್ಗಾನ ಮೆಟ್ಟಿಲ ಮೇಲೆ ಬಿಟ್ಟಿದ್ಲು ಕಣ್ರೀ, ನೋಡ್ಲೇ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇರಲಿ, ಎಂಟು ವರ್ಷದ ಹುಡುಗಿ ಹಗ್ಗ ಬಿಟ್ಟಳು ಅಂದರೆ ಯಾರಿಗೂ ನಷ್ಟವಿಲ್ಲ. ಪಿ.ಟಿ. ಟೀಚರ್ ಸ್ಕಿಪ್ಪಿಂಗ್ ಆಡಲು ಬಾರದೆ ಬಿದ್ದಳು ಅಂದರೆ ಶಾಲೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಇವರಿಗೂ ಅದನ್ನೇ ಹೇಳಿದೆ, ಡಾಕ್ಟರಿಗೂ ಅದನ್ನೇ ಹೇಳಿದೆ.

ಈ ಬೇಸಿಗೆ ದೊಡ್ಡವಳಿಗೆ ಈಜು ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸಂಜೆ ಅವಳನ್ನು ಕರೆದು ಈ ಸಲ ಆಗುವುದಿಲ್ಲ ಎಂದೆ. "ಪರವಾಗಿಲ್ಲ" ಎಂದು ಪ್ಲಾಸ್ಟರನ್ನೊಮ್ಮೆ ನೋಡಿ ಹೊರಗೆ ಹೋದಳು. ಬೇಜಾರಾಗಿರಬೇಕು ಪಾಪ.

ಏಪ್ರಿಲ್ 12

ಬಿದ್ದರೂ ಮೀಸೆ ಮಣ್ಣಾಗಬಾರದು. ಇನ್ನೂರು ಮಕ್ಕಳನ್ನು ಮೈದಾನದಲ್ಲಿ ಕುಣಿಸಿದವಳಿಗೆ ಮನೆಯ ಎರಡು ಮಕ್ಕಳೇನು ಮಹಾ! ನಡುಮನೆಯ ಮಧ್ಯೆ ಕುರ್ಚಿ ಹಾಕಿಸಿಕೊಂಡಿದ್ದೇನೆ. ಮುಂದೆ ಇನ್ನೊಂದು ಕುರ್ಚಿ, ಅದರ ಮೇಲೆ ಕಾಲು, ಕೈಯಲ್ಲಿ ವಿಸಿಲ್. ಬಾಗಿಲು ತೆರೆದಿಟ್ಟರೆ ಅಂಗಳವೂ ಕಾಣುತ್ತದೆ.

ಇಡೀ ಮಧ್ಯಾಹ್ನ ಕೂತು ಚಾರ್ಟು ಬರೆದೆ. 'ಬೇಸಿಗೆ ಚಟುವಟಿಕೆ' ಎಂದು ಕೆಂಪಕ್ಷರದ ತಲೆಬರಹ. ಒಂಬತ್ತರಿಂದ ಒಂಬತ್ತೂ ಇಪ್ಪತ್ತು ವ್ಯಾಯಾಮ. ಒಂಬತ್ತೂ ಇಪ್ಪತ್ತರಿಂದ ಹತ್ತರವರೆಗೆ ನೀರಾಟ. ಹತ್ತಕ್ಕೆ ಹಣ್ಣು. ಹತ್ತೂ ಕಾಲಿಗೆ ಕೈಕೆಲಸ. ಹೀಗೆ ಸಂಜೆ ಐದರವರೆಗೆ. ಮನೆಯಲ್ಲಿ ಇರುವ ಸಾಮಾನಿನಲ್ಲೇ ಆಗಬೇಕು, ನಾನು ಎದ್ದು ಓಡಾಡಬೇಕಾಗಬಾರದು, ನಾಲ್ಕು ವರ್ಷದ ಗುಂಡನಿಗೂ ಎಂಟು ವರ್ಷದ ದೊಡ್ಡವಳಿಗೂ ಹೊಂದಬೇಕು.

ಇವರು ಕನ್ನಡಕದ ಅಂಗಡಿ ಮುಚ್ಚಿ ಬಂದವರು ಚಾರ್ಟಿನ ಮುಂದೆ ನಿಂತು ಮೇಲಿನ ಸಾಲಿಂದ ಕೊನೆಯ ಸಾಲಿನವರೆಗೆ ಓದಿದರು. ಕಣ್ಣು ಪರೀಕ್ಷೆ ಮಾಡಿ ಮಾಡಿ ಅದೇ ಅಭ್ಯಾಸ. "ಇದು ರಜೆನೋ, ಮಿಲಿಟರಿ ಕ್ಯಾಂಪೋ?" ಎಂದರು.

"ಶಿಸ್ತಿಲ್ದೆ ಇದ್ರೆ ಮೋಜೂ ಇರಲ್ಲ ರೀ."

"ಮೂತ್ರಕ್ಕೆ ಹೋಗೋಕೆ ಟೈಮೇ ಇಟ್ಟಿಲ್ವಲ್ಲೇ" ಎಂದು ನಕ್ಕು ಅಡುಗೆಮನೆಗೆ ಹೋದರು. ಹೌದು, ಮರೆತಿದ್ದೆ. ಸೇರಿಸಿದೆ.

ಏಪ್ರಿಲ್ 14

ಮೊದಲ ದಿನ ಭರ್ಜರಿ! ಎರಡು ಹಳೆಯ ಪೇಂಟ್ ಬ್ರಷ್ಷು, ಒಂದು ಬಕೆಟ್ ನೀರು. ಅಂಗಳದ ಗೋಡೆಗೆ ನೀರಿನಲ್ಲೇ ಬಣ್ಣ ಹೊಡೆಯುವುದು. ಬಿಸಿಲಿಗೆ ಒಂದು ಕಡೆಯಿಂದ ಒಣಗುತ್ತ ಬರುತ್ತದೆ, ಮಕ್ಕಳು ಮತ್ತೆ ಹೊಡೆಯಬೇಕು. ಗೋಡೆ ಗೆಲ್ಲುತ್ತದೋ ನಾವು ಗೆಲ್ಲುತ್ತೇವೋ ಎಂಬ ಪಂದ್ಯ. ಗುಂಡನಂತೂ ಗೋಡೆ ಬಿಟ್ಟು ಹೂಕುಂಡ, ಸೈಕಲ್ಲು, ಕೊನೆಗೆ ತನ್ನ ಹೊಟ್ಟೆಗೂ ಬಣ್ಣ ಹೊಡೆದುಕೊಂಡ.

ದೊಡ್ಡವಳು ಐದು ನಿಮಿಷ ಹೊಡೆದು ಬ್ರಷ್ಷು ಕೆಳಗಿಟ್ಟಳು. ಆಮೇಲೆ ಗುಂಡನ ಹಿಂದೆ ಹಿಂದೆ ಹೋಗಿ ಅವನು ಬಿಟ್ಟ ಚಪ್ಪಲಿ, ಮಗ್ಗು, ಬ್ರಷ್ಷು ಎಲ್ಲ ಎತ್ತಿ ಗೋಡೆಯ ಬದಿಗೆ ಸೇರಿಸುತ್ತಿದ್ದಳು. ಹೇಳಿಸಿಕೊಳ್ಳದೆ ಮಾಡುತ್ತಾಳೆ ನೋಡಿ! ಎಷ್ಟಾದರೂ ನನ್ನ ಮಗಳು.

ಏಪ್ರಿಲ್ 16

ಹೆಡ್ಮಿಸ್ಸು ಬಂದಿದ್ದರು, ಜೊತೆಗೆ ಗಣಿತದವರು. ಸೇಬು ತಂದಿದ್ದರು. "ನೀವು ಬೀಳೋದು ಅಂದ್ರೆ ಏನು ಮೇಡಂ, ನಂಬೋಕೇ ಆಗ್ತಿಲ್ಲ" ಎಂದು ಗಣಿತದವರು ಶುರು ಮಾಡಿದರು. ಹೇಳಿದೆ. ಬರಿದೇ ಹೇಳಿದರೆ ಚಪ್ಪೆ, ಸ್ವಲ್ಪ ಒಗ್ಗರಣೆ ಹಾಕಿದೆ. "ಕಾಡಲ್ಲಿ ಆನೆ ಹಿಡಿಯೋಕೆ ಹಳ್ಳ ತೋಡ್ತಾರಂತೆ. ನಮ್ಮನೇಲಿ ಹಗ್ಗ ಒಂದೇ ಸಾಕಾಯ್ತು. ಹಾಕಿದವಳು ಇವಳೇ, ಬಿದ್ದ ಆನೆ ನಾನೇ!" ಎಂದೆ. ಹೆಡ್ಮಿಸ್ಸು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಗದವರು ಅವರು, ಶಾಲೆಯಲ್ಲಿ ಹಲ್ಲು ಕಂಡವರಿಲ್ಲ.

"ಎಲ್ಲಿ ನಮ್ಮ ಆನೆ ಹಿಡಿಯೋ ಹುಡುಗಿ?" ಎಂದು ಹುಡುಕಿದರೆ ದೊಡ್ಡವಳು ಒಳಗೆ ಹೋಗಿದ್ದಳು. ನಾಚಿಕೆ ಸ್ವಭಾವ, ಅವಳ ಅಪ್ಪನದು.

ಏಪ್ರಿಲ್ 19

ಮಂಜುಗಡ್ಡೆಯ ನಿಧಿ. ರಾತ್ರಿಯೇ ಡಬ್ಬಿಯಲ್ಲಿ ನೀರು ಹಾಕಿ ಅದರೊಳಗೆ ಗುಂಡಿ, ಕ್ಲಿಪ್ಪು, ಟೈಲರಮ್ಮ ಕೊಟ್ಟ ಬಣ್ಣದ ಮಣಿ ಎಲ್ಲ ಬಿಟ್ಟು ಫ್ರೀಜರಿನಲ್ಲಿ ಇಡಿಸಿದ್ದೆ. ಬೆಳಿಗ್ಗೆ ಗಡ್ಡೆಯನ್ನು ತಟ್ಟೆಯಲ್ಲಿ ಹಾಕಿ ಚಮಚ, ಉಪ್ಪು, ಬಿಸಿನೀರು ಕೊಟ್ಟೆ. ನಿಧಿ ತೆಗೆಯಿರಿ! ಗುಂಡ ನಾಲಿಗೆಯಿಂದಲೇ ತೆಗೆಯಲು ಹೊರಟ. ಐವತ್ತು ನಿಮಿಷ ಮನೆಯಲ್ಲಿ ಸದ್ದಿಲ್ಲ, ಇತಿಹಾಸ.

ಮಣಿಯೊಂದು ಟಣ್ ಎಂದು ನೆಲಕ್ಕೆ ಹಾರಿತು. ದೊಡ್ಡವಳು ಆಟ ಬಿಟ್ಟು ಮಂಡಿಯೂರಿ ಕುರ್ಚಿ, ಕಪಾಟು, ಮೇಜು, ಎಲ್ಲದರ ಕೆಳಗೂ ತಡಕಾಡಿ ಅದು ಸಿಗುವವರೆಗೂ ಏಳಲಿಲ್ಲ. "ಬಿಡೇ, ಒಂದು ಮಣಿಗೆ ಅಷ್ಟು ಒದ್ದಾಡ್ತೀಯಾ" ಎಂದರೂ ಕೇಳಲಿಲ್ಲ. ನಾನು ಊರುಗೋಲು ಹಿಡಿದು ಬಚ್ಚಲಿಗೆ ಹೊರಟರೆ ಈಚೆಗೆ ಅವಳೇ ಮುಂದೆ ಮುಂದೆ ನಡೆಯುತ್ತಾಳೆ, ನೆಲ ನೋಡಿಕೊಂಡು. ಕಾಲೊರಸನ್ನೂ ಮಡಚಿಟ್ಟಿದ್ದಾಳೆ. ಇಷ್ಟು ಅಚ್ಚುಕಟ್ಟು ನನ್ನ ಎಂಟನೇ ವಯಸ್ಸಲ್ಲಿ ನನಗಿರಲಿಲ್ಲ. ಚಾರ್ಟಿನ ಮಹಿಮೆ ಎನ್ನಬೇಕು.

ಏಪ್ರಿಲ್ 23

ಸೆಕೆ. ಪ್ಲಾಸ್ಟರಿನೊಳಗೆ ತುರಿಕೆ. ಹೆಣಿಗೆ ಕಡ್ಡಿ ತೂರಿಸಿಕೊಂಡೆ, ಡಾಕ್ಟರಿಗೆ ಹೇಳಬಾರದು.

ಏಪ್ರಿಲ್ 27

ಬ್ರೆಡ್ಡು ಕೊಡಲು ಬಂದ ಬೇಕರಿಯವರಿಗೆ ಆನೆಯ ಕತೆ ಹೇಳಿದೆ. ಫೋನಿನಲ್ಲಿ ನಮ್ಮಮ್ಮನಿಗೂ ಹೇಳಿದೆ. ಅಮ್ಮ ನಗಲಿಲ್ಲ, "ಮಗೂನ ಬೈದ್ಯೇನೇ?" ಎಂದಳು. "ಇಲ್ಲಮ್ಮ, ಒಂದು ಮಾತೂ ಬೈದಿಲ್ಲ" ಎಂದೆ. ಬೈದಿಲ್ಲ ನಿಜ. ನನ್ನ ಬಾಲ್ಯದಲ್ಲಿ ಹೀಗಾಗಿದ್ದರೆ ಇದೇ ಅಮ್ಮ ಆಕಾಶ ಭೂಮಿ ಒಂದು ಮಾಡುತ್ತಿದ್ದಳು.

ಇವತ್ತು ಅಂಗಳದಲ್ಲಿ ನೆರಳಿನ ಆಟ. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರ ನೆರಳಿನ ಸುತ್ತ ಇನ್ನೊಬ್ಬರು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಹನ್ನೆರಡಕ್ಕೆ ಅದೇ ಜಾಗದಲ್ಲಿ ನಿಂತು ಮತ್ತೆ ಎಳೆಯುವುದು. ಗುಂಡನ ನೆರಳು ಕುಗ್ಗಿದ್ದಕ್ಕೆ ಅವನಿಗೆ ಅಳುವೇ ಬಂತು. "ನಾನು ಸಣ್ಣಾಗ್ಬಿಟ್ಟೆ" ಎಂದು ಗೋಳಾಡಿದ. ಸಂಜೆ ಉದ್ದ ಆಗುತ್ತೀಯ ಎಂದು ಸಮಾಧಾನ ಮಾಡಬೇಕಾಯಿತು.

ದೊಡ್ಡವಳು ಅವನ ಗೆರೆ ಎಳೆದುಕೊಟ್ಟಳು. ತನ್ನದು ಬೇಡವಂತೆ. ಮೆಟ್ಟಿಲ ಮೇಲೆ ಕೂತಿದ್ದಳು. ವಿಸಿಲ್ ಊದಿ ಕರೆದೆ, ಎದ್ದು ಬಂದು ನಿಂತಳು, ಅಷ್ಟೆ. ಈಜಿನ ಸಿಟ್ಟು ಇನ್ನೂ ಇಳಿದಿಲ್ಲ. ಇವರಿಗೂ ಹಾಗೇ ಹೇಳಿದೆ. "ಕೇಳಿ ನೋಡ್ಬಾರ್ದಾ?" ಎಂದರು. ಕೇಳಿದರೆ ಗಾಯ ಕೆದಕಿದಂತೆ. ಇನ್ನೂ ಒಳ್ಳೆಯ ಆಟ ಹುಡುಕಿದರೆ ತಾನಾಗಿ ಸರಿಹೋಗುತ್ತಾಳೆ.

ಮೇ 2

ಬೆಡ್‌ಶೀಟಿನ ಡೇರೆ. ಎರಡು ಕುರ್ಚಿ, ಮೇಜು, ಬಟ್ಟೆ ಕ್ಲಿಪ್ಪು. ಒಳಗೆ ದಿಂಬು, ಟಾರ್ಚು, ಕತೆ ಪುಸ್ತಕ. ಮಧ್ಯಾಹ್ನದ ಊಟವೂ ಡೇರೆಯಲ್ಲೇ. ಎರಡು ತಾಸು ನನ್ನ ಪ್ಲಾಸ್ಟರ್ ಕಾಲೇ ಡೇರೆಯ ನಾಲ್ಕನೇ ಕಂಬವಾಗಿತ್ತು.

ಗುಂಡ ಶೀಟನ್ನು ನೆಲದ ಮೇಲೆ ಹರಡಿಬಿಟ್ಟಿದ್ದ. ದೊಡ್ಡವಳು ಅದರ ಅಂಚು ಒಂದಿಷ್ಟೂ ಹೊರಗೆ ಬರದಂತೆ ಸುತ್ತಲೂ ಒಳಗೆ ಮಡಿಸಿ, ಕ್ಲಿಪ್ಪು ಹಾಕಿ, ಮತ್ತೆ ಎರಡು ಸಲ ಸುತ್ತಿ ಬಂದು ನೋಡಿದಳು. ಮುಂದೆ ಎಂಜಿನಿಯರ್ ಆಗುತ್ತಾಳೆ ಎಂದೆ. ಡೇರೆಯೊಳಗೆ ಬಾ ಎಂದರೆ ಬರಲಿಲ್ಲ. ನನ್ನ ಕುರ್ಚಿಯ ಹತ್ತಿರವೂ ಬರುವುದಿಲ್ಲ ಈಚೆಗೆ. ನೀರು ತಂದುಕೊಟ್ಟರೆ ಕೈ ಚಾಚಿ ದೂರದಿಂದಲೇ ಕೊಡುತ್ತಾಳೆ. ನಾನೇನು ಕಚ್ಚುತ್ತೇನೆಯೇ? ನನಗೂ ಸ್ವಲ್ಪ ಸಿಟ್ಟು ಬಂತು.

ಮೇ 6

ಹೇಗೆ ಬರೆಯಲಿ.

ಇವತ್ತು ನಡುಮನೆಯಲ್ಲಿ ಅಡೆತಡೆ ಓಟ ಇಟ್ಟಿದ್ದೆ. ದಿಂಬಿನ ಮೇಲೆ ಹಾರು, ಮೇಜಿನ ಕೆಳಗೆ ನುಸುಳು, ಮರದ ತುಂಡುಗಳ ನಡುವೆ ಅಂಕುಡೊಂಕು ನಡೆ. ದೊಡ್ಡವಳು ಬೇಡ ಬೇಡ ಎಂದಳು. "ಸಾಮಾನು ಹರಡೋ ಆಟ ಬೇಡಮ್ಮ" ಎಂದಳು. ನಾನು ವಿಸಿಲ್ ಊದಿದೆ. ಮಧ್ಯಾಹ್ನ ಊಟಕ್ಕೆ ಬಂದ ಇವರು ಗುಂಡ ಬಾಗಿಲಲ್ಲಿ ಬಿಟ್ಟಿದ್ದ ಮರದ ತುಂಡಿಗೆ ಎಡವಿದರು. ಬೀಳಲೂ ಇಲ್ಲ, ಒಂದು ಕೈ ಗೋಡೆಗೆ ಕೊಟ್ಟು ನಿಂತುಕೊಂಡರು. ಅಷ್ಟಕ್ಕೇ ದೊಡ್ಡವಳು ಕಿಟಾರನೆ ಕಿರುಚಿ ಓಡಿಬಂದು ಗುಂಡನ ಕೆನ್ನೆಗೆ ಹೊಡೆದುಬಿಟ್ಟಳು.

ತಮ್ಮನಿಗೆ ಒಂದು ದಿನವೂ ಕೈ ಎತ್ತಿದವಳಲ್ಲ. ನನಗೆ ತಲೆ ಕೆಟ್ಟಿತು. "ಏನಾಗಿದೆ ನಿಂಗೆ? ಹೋಗಿ ಮೂಲೇಲಿ ನಿಂತ್ಕೋ!" ಎಂದು ಮೈದಾನದ ದನಿಯಲ್ಲಿ ಕೂಗಿದೆ.

ಅವಳು ಅಲ್ಲಾಡಲಿಲ್ಲ. "ಈಗ್ಲೇ ಹೊಡೀದಿದ್ರೆ ಅವ್ನಿಗೆ ಗೊತ್ತಾಗಲ್ಲ. ಅವ್ನೂ ಯಾರ್ದಾದ್ರೂ ಕಾಲು ಮುರೀತಾನೆ, ನನ್ ಥರ. ಆಮೇಲೆ ಎಲ್ರೂ ಬಂದು ನಗ್ತಾರೆ" ಎಂದಳು. ಆಮೇಲೆ ಹೋಗಿ ಮೂಲೆಯಲ್ಲಿ ನಿಂತುಕೊಂಡಳು, ಗೋಡೆಗೆ ಮುಖ ಮಾಡಿ.

ಇವರು ನನ್ನನ್ನು ನೋಡಿದರು. ನಾನು ಪ್ಲಾಸ್ಟರ್ ನೋಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಎಷ್ಟು ಸಲ ಬಾಯಲ್ಲಿ ಆಡಿಲ್ಲ ನಾನು. ಬರೆ ಹಾಕಿದ ಕೈ ನನ್ನದೇ. ದಿನಾ ಒಬ್ಬೊಬ್ಬರ ಮುಂದೆ, ಸೇಬು ತಿನ್ನುತ್ತ.

ಮೇ 7

ಹೇಳಬೇಕು.

ಮೇ 8

ಬೆಳಿಗ್ಗೆ ಹೇಳೋಣ ಎಂದುಕೊಂಡೆ, ಗುಂಡ ಹಾಲು ಚೆಲ್ಲಿದ. ಮಧ್ಯಾಹ್ನ ಹೇಳೋಣ ಎಂದುಕೊಂಡೆ, ಟೈಲರಮ್ಮ ಬಂದರು. ಸಂಜೆ ಅವಳು ಒಬ್ಬಳೇ ಸಿಕ್ಕಳು, ಬಟ್ಟೆ ಮಡಿಸುತ್ತಿದ್ದಳು. "ಪುಟ್ಟೀ" ಎಂದೆ. ತಿರುಗಿದಳು. "ಐಸ್‌ಕ್ರೀಮ್ ತರಿಸ್ಲಾ?" ಎಂದೆ. ಥೂ ನನ್ನ ಬಾಯಿಗೆ. ಬೇಡ ಎಂದು ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು. ಹತ್ತು ಜನರ ಮುಂದೆ ಸುಳ್ಳು ಹೇಳಲು ಬಂದ ಬಾಯಿಗೆ ಒಂದು ಮಗುವಿನ ಮುಂದೆ ನಿಜ ಹೇಳಲು ಬರುವುದಿಲ್ಲ.

ಮೇ 12

ಇವರ ಅಂಗಡಿಗೆ ರಜೆ. ಹೆಡ್ಮಿಸ್ಸು ಮತ್ತೆ ಬಂದರು, ಹೊಸದಾಗಿ ಸೇರಿದ ಸಂಗೀತದ ಟೀಚರನ್ನು ಕರೆದುಕೊಂಡು. ಇವರು ಟೀ ಮಾಡಿ ತಂದರು. ಲೋಟ ಕೈಗೆ ತೆಗೆದುಕೊಳ್ಳುತ್ತಲೇ ಹೆಡ್ಮಿಸ್ಸು, "ಮೇಡಂ, ಆ ಆನೆ ಕತೆ ಇವ್ರಿಗೂ ಹೇಳ್ರೀ, ದಾರಿಯೆಲ್ಲ ಅದನ್ನೇ ಹೇಳ್ಕೊಂಡ್ ಬಂದೆ" ಎಂದರು.

ದೊಡ್ಡವಳು ಬಿಸ್ಕತ್ತಿನ ತಟ್ಟೆ ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು. ಓಡಲಿಲ್ಲ, ಸುಮ್ಮನೆ ನಡೆದಳು, ರೂಢಿಯಾದವರು ಹೋಗುವ ಹಾಗೆ. ಅದನ್ನು ನೋಡಲಾಗಲಿಲ್ಲ ನನಗೆ.

"ಆ ಕತೆ ಸುಳ್ಳು ಮೇಡಂ" ಎಂದೆ. ದನಿ ಎಲ್ಲಿಂದಲೋ ಬಂತು. "ಹಗ್ಗ ಗೂಟದಲ್ಲಿತ್ತು. ನಾನೇ ತಗೊಂಡು ಸ್ಕಿಪ್ಪಿಂಗ್ ಆಡ್ದೆ. ಬರಿಗಾಲಲ್ಲಿ, ಮೆಟ್ಟಿಲ ಅಂಚಲ್ಲಿ. ಎಪ್ಪತ್ತಮೂರಕ್ಕೆ ಬಿದ್ದೆ. ಮರ್ಯಾದೆ ಹೋಗುತ್ತೆ ಅಂತ ಮಗಳ ಹೆಸರು ಹೇಳ್ದೆ."

ಸಂಗೀತದ ಟೀಚರ್ ಪಾಪ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮರೆತರು, ಅದು ಮುರಿದು ಒಳಗೆ ಬಿತ್ತು. ಆಮೇಲೆ ಹೆಡ್ಮಿಸ್ಸು ಮೆಲ್ಲಗೆ ನಗತೊಡಗಿದರು, ಇವರೂ ನಕ್ಕರು, ನನಗೂ ನಗು ಬಂತು. ಇಷ್ಟೇನಾ, ಎಷ್ಟು ಹಗುರ ಎಂದುಕೊಂಡೆ.

ಬಾಗಿಲಲ್ಲಿ ದೊಡ್ಡವಳು ನಿಂತಿದ್ದಳು. ನಗುತ್ತಿರಲಿಲ್ಲ. "ಮೂವತ್ತಮೂರು ದಿನ" ಎಂದಳು. "ಮೂವತ್ತಮೂರು ದಿನ ಸುಳ್ಳು ಹೇಳ್ದೆ ನೀನು." ಮುಖ ಕೆಂಪಾಗಿತ್ತು. ಒಳಗೆ ಹೋಗಿ ದಢಾರೆಂದು ಬಾಗಿಲು ಹಾಕಿಕೊಂಡಳು. ನಮ್ಮ ನಗು ಅಲ್ಲೇ ನಿಂತಿತು.

ಅವರೆಲ್ಲ ಹೋದ ಮೇಲೆ ಇವರು ಲೋಟ ತೊಳೆಯುತ್ತ ಬೆನ್ನು ಮಾಡಿಕೊಂಡೇ, "ನಂಗಾದ್ರೂ ಹೇಳ್ಬಹುದಿತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೇ 13

ಮಾತಿಲ್ಲ. ಬಾಗಿಲ ಹೊರಗೆ ಊರುಗೋಲಿನ ಮೇಲೆ ಅರ್ಧ ತಾಸು ನಿಂತಿದ್ದೆ. ಚಾರ್ಟು ಒಂದು ಮೂಲೆ ಬಿಟ್ಟುಕೊಂಡು ಜೋತಾಡುತ್ತಿದೆ, ಅಂಟಿಸಬೇಕು. ಗುಂಡ ಬಂದು, "ಇವತ್ತು ಯಾವ್ ಆಟ?" ಎಂದ. ಇಲ್ಲ ಎಂದೆ. ಅವನು ವಿಸಿಲ್ ತೆಗೆದುಕೊಂಡು ಹೋದ, ನಾನೂ ಕೇಳಲಿಲ್ಲ.

ಮೇ 15

ಬೆಳಿಗ್ಗೆ ದೊಡ್ಡವಳು ನನ್ನ ಕುರ್ಚಿಯ ಮುಂದೆ ಬಂದು ನಿಂತಳು. ತಲೆ ಬಾಚಿಕೊಂಡಿದ್ದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ.

"ಇದು ಅಮ್ಮನ ಬೇಸಿಗೆ ಚಟುವಟಿಕೆ" ಎಂದಳು. "ದಿನಕ್ಕೆ ಒಬ್ರು. ಯಾರ್ಯಾರಿಗೆ ಸುಳ್ಳು ಹೇಳಿದ್ಯೋ ಅವ್ರಿಗೆಲ್ಲ ನೀನೇ ಹೋಗಿ ನಿಜ ಹೇಳ್ಬೇಕು. ನಾನು ಜೊತೇಲಿ ಇರ್ತೀನಿ. ಪಟ್ಟಿ ನನ್ ಹತ್ರ ಇರುತ್ತೆ."

"ತೋರ್ಸು ಮತ್ತೆ."

"ಇಲ್ಲ. ನೀನು ಮೊದ್ಲೇ ನೋಡಿದ್ರೆ ತಯಾರಿ ಮಾಡ್ಕೋತೀಯ. ಮತ್ತೆ ಜೋಕ್ ಮಾಡ್ತೀಯ."

ಎಂಟು ವರ್ಷದ ಹುಡುಗಿಗೆ ನಾನು ಇಷ್ಟು ಚೆನ್ನಾಗಿ ಗೊತ್ತು. ಎರಡು ದಿನದ ಮೇಲೆ ಮಾತಾಡಿದ್ದೇ ಸಾಕೆಂದು ಒಪ್ಪಿಕೊಂಡೆ.

ಇವತ್ತಿನ ಹೆಸರು ಟೈಲರಮ್ಮ. ಅವರನ್ನೇ ಕೆಳಗೆ ಕರೆಸೋಣವೆಂದೆ. "ಉಹುಂ, ನೀನೇ ಹೋಗ್ಬೇಕು" ಎಂದಳು. ಹತ್ತೊಂಬತ್ತು ಮೆಟ್ಟಿಲು. ಕೂತುಕೊಂಡು, ಹಿಂದಕ್ಕೆ ತಿರುಗಿ, ಒಂದೊಂದಾಗಿ ಸರಿದು ಹತ್ತಿದೆ. ಅವಳು ಊರುಗೋಲು ಹಿಡಿದು ಪಕ್ಕದಲ್ಲೇ ಹತ್ತಿದಳು, ಪ್ರತಿ ಮೆಟ್ಟಿಲಿಗೂ ಕೈ ಮುಂದೆ ಇಟ್ಟುಕೊಂಡು. ನಾನು ಜಾರಿದರೆ ಆ ಪುಟ್ಟ ಕೈ ಏನು ಹಿಡಿದೀತು? ಆದರೂ ತೆಗೆಯಲಿಲ್ಲ.

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲ ಕೇಳಿದರು. "ಅಲ್ರೀ, ಅವತ್ತೇ ನಂಗನ್ನಿಸ್ತು, ಹಗ್ಗ ತುಳಿದು ಬಿದ್ದೋರ ಕೈಯಲ್ಲಿ ಹಗ್ಗದ ಹಿಡಿ ಯಾಕಿತ್ತು ಅಂತ! ಪಾಪ, ನೋವಲ್ಲಿದಾರೆ ಅಂತ ಸುಮ್ನಿದ್ದೆ" ಎಂದರು. ದೊಡ್ಡವಳ ಕಡೆ ತಿರುಗಿ, "ನಾನೂ ಬಾಯಿ ಬಿಡ್ಲಿಲ್ವಲ್ಲ ಕಂದಾ, ನಂದೂ ತಪ್ಪು" ಎಂದರು. ದೊಡ್ಡವಳು ಯೋಚಿಸಿ, "ನಿಮ್ದು ಸಣ್ಣ ತಪ್ಪು" ಎಂದಳು.

ಮೇ 17

ನಿನ್ನೆ ಬೇಕರಿ, ಇವತ್ತು ನಮ್ಮಮ್ಮ.

ಬೇಕರಿ ನಮ್ಮ ಬೀದಿಯ ತುದಿಯಲ್ಲಿ. ಮೂವರ ಮೆರವಣಿಗೆ: ಮುಂದೆ ಗುಂಡ ವಿಸಿಲ್ ಊದುತ್ತ, ನಡುವೆ ನಾನು ಕುಂಟುತ್ತ, ಪಕ್ಕದಲ್ಲಿ ದೊಡ್ಡವಳು. ಜನ ನಿಂತು ನೋಡಿದರು. ಬೇಕರಿಯವರ ಮುಂದೆ ಇನ್ನೂ ಮೂವರು ಗಿರಾಕಿಗಳು. "ಆಮೇಲೆ ಹೇಳ್ತೀನಿ" ಎಂದು ಪಿಸುಗುಟ್ಟಿದೆ. "ಈಗ್ಲೇ" ಎಂದಳು. ಹೇಳಿದೆ. ಗಿರಾಕಿಯೊಬ್ಬರು, "ಎಪ್ಪತ್ತಮೂರು ಪರವಾಗಿಲ್ಲ ಬಿಡಿ, ನಂಗೆ ಏಳೂ ಆಗಲ್ಲ" ಎಂದರು. ದೊಡ್ಡವಳ ತುಟಿಯ ಮೂಲೆ ಒಂಚೂರು ಅಲ್ಲಾಡಿತು. ತಕ್ಷಣ ಬಿಗಿ ಮಾಡಿಕೊಂಡಳು, ನಾನು ನೋಡಿದೆ.

ನಮ್ಮಮ್ಮನಿಗೆ ಫೋನು. ಸ್ಪೀಕರ್ ಹಾಕು ಎಂದಳು ದೊಡ್ಡವಳು. ನಾನು ಹೇಳುತ್ತಿದ್ದಂತೆ ಅಮ್ಮ ಶುರು ಮಾಡಿದಳು ನೋಡಿ! "ನಾಚ್ಕೆ ಆಗ್ಬೇಕು ನಿಂಗೆ. ಚಿಕ್ಕವಳಿದ್ದಾಗ ಹೂದಾನಿ ಒಡೆದು ಬೆಕ್ಕಿನ ಮೇಲೆ ಹಾಕಿದ್ದೆ. ಬುದ್ಧಿ ಬಂದಿಲ್ಲ, ವಯಸ್ಸು ಬಂದಿದೆ." ಹತ್ತು ನಿಮಿಷ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಹೂಂ, ಹೂಂ ಎನ್ನುತ್ತಿದ್ದೆ. ದೊಡ್ಡವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಮ್ಮನಿಂದ ಬೈಸಿಕೊಂಡು ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಸಂಜೆ ಅವಳೂ ಗುಂಡನೂ ಅಂಗಳದ ಗೋಡೆಗೆ ನೀರು ಹೊಡೆದರು. ನಾನು ಹೇಳಿದ್ದಲ್ಲ. ಬ್ರಷ್ಷಿನಿಂದ ಅವಳು ಒಂದು ದೊಡ್ಡ ಮೀನು ಬರೆದಳು, ಒಣಗುವ ಮೊದಲು ಅದಕ್ಕೆ ಹಲ್ಲು ಬರೆದಳು. ಎಡಗೈಯಲ್ಲಿ ಬರೆಯುತ್ತಾಳೆ ಅವಳು, ಬಲಗೈಯಲ್ಲಿ ಊಟ ಮಾಡುತ್ತಾಳೆ. ಎಂಟು ವರ್ಷದಲ್ಲಿ ನಾನು ಇದನ್ನು ಗಮನಿಸಿರಲಿಲ್ಲವೇ, ಅಥವಾ ಮರೆತಿದ್ದೆನೇ? ಇವರನ್ನು ಕೇಳಿದೆ. "ಮೊದ್ಲಿಂದ್ಲೂ ಹಾಗೇ" ಎಂದರು.

ಮೇ 21

ಪ್ಲಾಸ್ಟರ್ ತೆಗೆದರು. ಗರಗಸದ ಸದ್ದಿಗೆ ಗುಂಡ ಇವರ ಹೆಗಲೇರಿದ. ಕಾಲು ಸಣಕಲಾಗಿ, ಬಿಳಿಚಿ, ಯಾರದೋ ಕಾಲಿನಂತಿದೆ. ಡಾಕ್ಟರು, "ಇನ್ನು ಹದಿನೈದು ದಿನ ನಿಧಾನ" ಎಂದು ಏಳಲು ಹೊರಟರು. ದೊಡ್ಡವಳು ನನ್ನ ಮೊಣಕೈ ತಿವಿದಳು.

ಹೇಳಿದೆ. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೂ ಅವಳನ್ನೂ ನೋಡಿ, ಫೈಲು ಮತ್ತೆ ತೆರೆದು, ಹಳೆಯ ಸಾಲಿಗೆ ಗೆರೆ ಹೊಡೆದು ಏನೋ ಬರೆದರು. ದೊಡ್ಡವಳು ಇಣುಕಿ ನೋಡಿ ತೃಪ್ತಿಯಿಂದ ತಲೆಯಾಡಿಸಿದಳು.

"ಮುಗೀತಲ್ಲ?" ಎಂದೆ, ಮನೆಗೆ ಬಂದ ಮೇಲೆ.

"ಇನ್ನೊಬ್ರಿದಾರೆ."

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳು ಜೇಬಿನಿಂದ ಕಾಗದ ತೆಗೆದು ಬಿಚ್ಚಿ, ಮೊದಲ ಸಲ ನನ್ನ ಕೈಗೆ ಕೊಟ್ಟಳು. ಟೈಲರಮ್ಮ, ಬೇಕರಿ ಅಂಕಲ್, ಅಜ್ಜಿ, ಗಣಿತದ ಟೀಚರ್ (ಅವರಿಗೆ ಮೊನ್ನೆ ಫೋನಿನಲ್ಲೇ ಹೇಳಿಯಾಗಿತ್ತು), ಡಾಕ್ಟರ್, ಎಲ್ಲರ ಮುಂದೆ ಸರಿ ಗುರುತು. ಕೊನೆಯ ಸಾಲಿನಲ್ಲಿ 'ನಾನು' ಎಂದಿತ್ತು.

"ನಿಂಗೆ ಗೊತ್ತಲ್ಲ ಪುಟ್ಟಿ. ಅವತ್ತು ಕೇಳಿಸ್ಕೊಂಡೆಯಲ್ಲ."

"ಅವತ್ತು ನೀನು ಹೆಡ್ಮಿಸ್‌ಗೆ ಹೇಳ್ದೆ. ನಾನು ಬಾಗಿಲ ಹತ್ರ ನಿಂತಿದ್ದೆ ಅಷ್ಟೆ. ನಂಗೆ ಯಾವಾಗ ಹೇಳ್ದೆ?"

ಇವರು ಗುಂಡನನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ದೊಡ್ಡವಳು ನನ್ನನ್ನು ಮಂಚದ ಮೇಲೆ ಕೂರಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು, ನೋಡಲು ಬಂದವರ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂತಳು. "ಕಾಲಿಗೆ ಏನಾಯ್ತು?" ಎಂದಳು.

ಇಷ್ಟು ಜನರಿಗೆ ಹೇಳಿ ಬಾಯಿಪಾಠವಾಗಿದ್ದ ಮಾತು. ಒಂದೂ ಬರಲಿಲ್ಲ. ತಮಾಷೆಯೂ ಬರಲಿಲ್ಲ. "ನಾನೇ ಬಿದ್ದೆ" ಎಂದೆ. "ನೀನು ಹಗ್ಗ ಬಿಟ್ಟಿರ್ಲಿಲ್ಲ. ಎತ್ತಿಡೋ ಜಾಗದಲ್ಲೇ ಎತ್ತಿಟ್ಟಿದ್ದೆ. ನೀನು ಏನೂ ಮಾಡಿಲ್ಲ. ನಂಗೆ ನಾಚ್ಕೆ ಆಯ್ತು, ಅದನ್ನ ತಗೊಂಡು ನಿನ್ ಮೇಲೆ ಹಾಕ್ದೆ. ನೀನು ಒಳಗೆ ಎದ್ದು ಹೋಗ್ತಿದ್ದೆ, ನಾನು ನೋಡ್ಲೇ ಇಲ್ಲ. ತಪ್ಪಾಯ್ತು ಕಣೇ. ದೊಡ್ಡ ತಪ್ಪು."

ಅವಳು ಬಾಗಿ, ಒಂದು ಬೆರಳಿನಿಂದ ನನ್ನ ಕಾಲು ಮುಟ್ಟಿದಳು, ಮುರಿದಿದ್ದ ಜಾಗದಲ್ಲಿ, ತೀರ ಮೆತ್ತಗೆ.

"ತುಂಬಾ ನೋವಾಯ್ತಾ ಅಮ್ಮ?"

ನಲವತ್ತೆರಡು ದಿನದಲ್ಲಿ ನೀರು ಬೇಕಾ, ದಿಂಬು ಬೇಕಾ ಎಂದು ನೂರು ಸಲ ಕೇಳಿದ್ದಾಳೆ. ಇದನ್ನು ಕೇಳಿರಲಿಲ್ಲ. ಹೇಗೆ ಕೇಳಿಯಾಳು? ನಾನೂ ಯಾರಿಗೂ ಹೇಳಿರಲಿಲ್ಲ, ನಗಿಸುತ್ತಲೇ ಇದ್ದೆ.

"ಹೂಂ ಪುಟ್ಟಿ, ತುಂಬಾ ನೋವಾಯ್ತು" ಎಂದೆ.

"ನಂಗೂ" ಎಂದಳು.

ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡೆ. ಮೊದಲು ಮೈ ಬಿಗಿಮಾಡಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ಪೂರ್ತಿ ಭಾರವನ್ನು ನನ್ನ ಮೇಲೆ ಬಿಟ್ಟಳು.